ಎರಡು ಕೇಸು

ಗೋಪಮ್ಮನ ಬಲಗೈ ಮುರಿದದ್ದು ಆಗಸ್ಟ್ ತಿಂಗಳಲ್ಲಿ, ಬೀದಿ ನಲ್ಲಿಯ ಹತ್ತಿರ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನದಿಂದಲೇ ಮನೆಯಲ್ಲಿ ಜಗಳ ಶುರುವಾಯಿತು. ಅಡಿಗೆಯ ಜಗಳವಲ್ಲ, ಅದನ್ನು ಸೊಸೆ ಸೂಗಮ್ಮ ನೋಡಿಕೊಂಡಳು. ದೊಡ್ಡ ಮಗ ಮೌನಪ್ಪನಿಗೆ ಇನ್ನು ಸ್ನಾನ ಮಾಡಿಸುವವರು ಯಾರು ಎಂಬುದೇ ಜಗಳ.

ಮೌನಪ್ಪನಿಗೆ ಮೂವತ್ತು ತುಂಬಿತ್ತು. ಎತ್ತರದ ಆಳು, ಗಟ್ಟಿ ತೋಳು. ಮಾತು ಕಡಿಮೆ. ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ರೊಟ್ಟಿಯ ಅಂಚು ಮುರಿದಿದ್ದರೆ ಮುಟ್ಟುತ್ತಿರಲಿಲ್ಲ. ಹತ್ತಿ ಮಿಲ್ಲಿನ ಸೈರನ್ ಕೂಗಿದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ, ತಡೆಯಲಾಗದಿದ್ದರೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಆದರೆ ರಾಯಚೂರಿನ ಬಸ್ ಸ್ಟ್ಯಾಂಡಿನಿಂದ ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿಗೆ ಹೊರಡುತ್ತದೆಂದು ಅವನಿಗೆ ಬಾಯಿಪಾಠವಾಗಿತ್ತು. ಓಣಿಯವರು ಹುಚ್ಚ ಎನ್ನುತ್ತಿದ್ದರು. "ಹುಚ್ಚ ಅಲ್ಲ, ನನ್ನ ಮಗನ ರೀತಿ ಬ್ಯಾರೆ ಅದ" ಎಂದು ಗೋಪಮ್ಮ ಒಬ್ಬಳೇ ಎಲ್ಲರೊಡನೆ ವಾದಿಸುತ್ತಿದ್ದಳು. ಗಂಡ ತಾಯಣ್ಣ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿ ಸತ್ತ ಮೇಲೆ ಅವಳು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ಇಬ್ಬರು ಮಕ್ಕಳನ್ನು ಸಾಕಿದ್ದಳು.

ಎರಡನೆಯವನು ಹಂಪಯ್ಯ. ಅದೇ ಹಾಸ್ಟೆಲಿನಲ್ಲಿ ಓದಿ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ದೇವದುರ್ಗದ ಅವರ ಬಳಗದಲ್ಲೆಲ್ಲ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲನೆಯವನು ಅವನೇ. ಕೆಲಸ ಇನ್ನೂ ತಾತ್ಕಾಲಿಕ.

ತಾಯಿಯ ಕೈ ಮುರಿದ ಮೇಲೆ ಹಂಪಯ್ಯನೇ ಅಣ್ಣನನ್ನು ಬಚ್ಚಲಿಗೆ ಎಳೆದೊಯ್ದು ತಲೆಯ ಮೇಲೆ ನೀರು ಸುರಿಯುತ್ತಿದ್ದ. ಮೌನಪ್ಪನ ಕೂಗು ಓಣಿಯ ಕೊನೆಯವರೆಗೆ ಕೇಳುತ್ತಿತ್ತು.

"ಮೆಲ್ಲಕ ಹಾಕೋ, ಅಂಜ್ತಾನ ಅವ."

"ನನಗ ಆಫೀಸಿಗೆ ಹೊತ್ತಾಗಾಕತ್ತದ ಯವ್ವಾ. ಇಷ್ಟು ದಿನ ನೀ ಮುದ್ದು ಮಾಡಿದ್ದಕ್ಕ ಹಿಂಗಾಗ್ಯಾನ."

ಎಂಟನೆಯ ದಿನ ಮೌನಪ್ಪ ತಮ್ಮನನ್ನು ತಳ್ಳಿದ. ಹಂಪಯ್ಯನ ಹಣೆ ಗೋಡೆಗೆ ಬಡಿಯಿತು. ಅಂದು ಅವನು ಅಣ್ಣನ ಬೆನ್ನಿಗೆ ತಂಬಿಗೆಯಿಂದ ಹೊಡೆದ.

ಕೈ ತೋರಿಸಲು ಆಸ್ಪತ್ರೆಗೆ ಹೋದಾಗ ಗೋಪಮ್ಮ ಇದನ್ನು ಅಳುತ್ತ ಹೇಳಿಕೊಂಡಳು. ಪಟ್ಟಿ ಸುತ್ತುತ್ತಿದ್ದ ನರ್ಸು ಬಸವಂತಮ್ಮ ಎಲ್ಲವನ್ನೂ ಕೇಳಿ, "ಮಂಗಳವಾರ ಡ್ಯೂಟಿ ಮುಗಿಸಿ ನಿಮ್ಮ ಮನಿಗೆ ಬರ್ತೀನ್ರಿ ಯಕ್ಕಾ" ಎಂದಳು. ನಲವತ್ತು ವರ್ಷದ ಹೆಂಗಸು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಂಟು ವರ್ಷ ದುಡಿದು ಬಂದವಳು.

ಬಂದವಳು ಮೌನಪ್ಪನನ್ನು ಮುಟ್ಟಲಿಲ್ಲ, ಮಾತಾಡಿಸಲೂ ಇಲ್ಲ. ಬಾಗಿಲ ಬಳಿ ಕೂತು ಚೀಲದಿಂದ ಒಂದು ವಹಿ ತೆಗೆದಳು. ಎಷ್ಟಕ್ಕೆ ಏಳುತ್ತಾನೆ, ಏನು ತಿನ್ನುತ್ತಾನೆ, ಯಾವ ಸದ್ದಿಗೆ ಅಂಜುತ್ತಾನೆ, ಹುಟ್ಟಿದ್ದು ಯಾವಾಗ, ಮದುವೆ ಮಾಡಿದ್ದೀರೋ ಇಲ್ಲವೋ ಎಂದು ಕೇಳಿ ಕೇಳಿ ಬರೆದುಕೊಂಡಳು.

ನೀರು ತಂದುಕೊಟ್ಟ ಸೂಗಮ್ಮ ಮದುವೆಯ ಮಾತು ಕೇಳಿ ಅಂಜಿದಳು. ಅದು ಎಪ್ಪತ್ತಾರನೆಯ ಇಸವಿ. ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪುಗಳು ಊರೂರಿಗೆ ಬಂದಿದ್ದವು. ಸರ್ಕಾರದ ಕೆಲಸದಲ್ಲಿದ್ದವರು ಇಷ್ಟಿಷ್ಟು ಜನರನ್ನು ಹಿಡಿದುಕೊಡಬೇಕೆಂದು ಹುಕುಂ ಆಗಿತ್ತು. ಹಾಗೆ ಹಿಡಿದುಕೊಟ್ಟ ಒಬ್ಬೊಬ್ಬರಿಗೂ 'ಕೇಸು' ಎಂದು ಹೆಸರು. ಮಾನ್ವಿಯ ಕಡೆ ಹಳ್ಳಿಗಳಲ್ಲಿ ಜೀಪಿನ ಸದ್ದು ಕೇಳಿದರೆ ಗಂಡಸರು ಜೋಳದ ಹೊಲ ಹೊಕ್ಕು ಕೂರುತ್ತಿದ್ದರು. ಸೂಗಮ್ಮನ ತವರೂ ಅದೇ ಕಡೆ.

ಸಂಜೆ ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು: "ಆ ನರ್ಸಮ್ಮ ಬಾವನ ವಯಸ್ಸು, ಮದುವಿ, ಎಲ್ಲಾ ಬರ್ಕೊಂಡು ಹೋದಳ್ರಿ."

ಹಂಪಯ್ಯ ತುತ್ತು ಬಾಯಿಗಿಡದೆ ತಾಯಿಯನ್ನು ನೋಡಿದ. "ಬುದ್ಧಿ ಅದ ಏನು ನಿನಗ? ಆಸ್ಪತ್ರಿಯಾಕಿನ್ನ ಮನಿತನಕ ಕರ್ಕೊಂಡು ಬಂದಿ! ಅವರಿಗೆ ನಮಗಿಂತ ಹೆಚ್ಚು ಕೇಸ್ ಬೇಕಾಗ್ಯಾವ. ಮಾತು ಬರದವ ಸಿಕ್ಕರ ಬಿಡ್ತಾರೇನು?"

"ಆಕಿ ಹಂಗ ಕಾಣಂಗಿಲ್ಲಪ್ಪ."

"ಯಾರು ಹಂಗ ಕಾಣ್ತಾರ? ಪುಕ್ಕಟ ಬಂದು ಕೂಡಾಕ ಆಕಿಗೇನು ಬ್ಯಾರೆ ಕೆಲಸ ಇಲ್ಲ?"

ಆದರೂ ಶುಕ್ರವಾರ ಬಸವಂತಮ್ಮ ಬಂದಾಗ ಗೋಪಮ್ಮ ಬಾಗಿಲು ಮುಚ್ಚಲಿಲ್ಲ. ಮಗನನ್ನು ಬಚ್ಚಲಿಗೆ ಕಳಿಸಲು ಬೇರೆ ದಾರಿ ಅವಳಿಗೆ ಕಾಣುತ್ತಿರಲಿಲ್ಲ.

ಬಸವಂತಮ್ಮ ನಾಲ್ಕು ಸಲ ಬಂದು ಬರೀ ನೋಡಿದಳು. ಐದನೆಯ ಸಲ, "ತಲಿ ಮ್ಯಾಲ ನೀರು ಬೀಳದು ಅವನಿಗೆ ತಡಿಯಂಗಿಲ್ಲ. ಅವನ ಕೈಗೇ ತಂಬಿಗಿ ಕೊಡ್ರಿ. ಪಾದದಿಂದ ಶುರು ಮಾಡ್ಲಿ" ಎಂದಳು. ಬಚ್ಚಲಲ್ಲಿ ಎರಡೇ ಕೊಡ ನೀರಿಟ್ಟು, ಬಾಗಿಲ ಹೊರಗೆ ಬೆನ್ನು ಮಾಡಿ ಕೂತಳು. ಮೊದಲ ದಿನ ಮೌನಪ್ಪ ಪಾದಕ್ಕಷ್ಟೇ ಹಾಕಿಕೊಂಡ. ಮರುವಾರ ಮೊಣಕಾಲು. ಮೂರನೆಯ ವಾರ ಅವನು ತಾನೇ ಬೆನ್ನು ತೋಯಿಸಿಕೊಂಡು, ಟವೆಲ್ಲು ಸುತ್ತಿಕೊಂಡು ಹೊರಗೆ ಬಂದ. ಓಣಿಗೆ ಯಾವ ಕೂಗೂ ಕೇಳಲಿಲ್ಲ.

"ಮೂವತ್ತು ವರ್ಷ ನನಗ್ಯಾಕ ಇದು ಹೊಳೀಲಿಲ್ಲ?" ಎಂದಳು ಗೋಪಮ್ಮ.

"ನಿಮಗ ಮೂರು ಮಂದಿ ಹೊಟ್ಟಿ ತುಂಬಿಸೋದಿತ್ತು ಯಕ್ಕಾ. ಕೂತು ನೋಡಾಕ ಯಾರು ಬಿಟ್ಟರು ನಿಮ್ಮನ್ನ?"

ಆಮೇಲೆ ಬಸವಂತಮ್ಮ ಅಡಿಗೆಮನೆಯ ಗೋಡೆಯ ಮೇಲೆ ಇದ್ದಲಿನಿಂದ ಚಿತ್ರ ಬರೆದಳು. ತಂಬಿಗೆ, ಅಂಗಿ, ತಾಟು, ಚಪ್ಪಲಿ, ಬಸ್ಸು. ಬೆಳಿಗ್ಗೆ ಎದ್ದಾಗಿನಿಂದ ಮಧ್ಯಾಹ್ನದವರೆಗಿನ ಕೆಲಸಗಳು ಸಾಲಾಗಿ. "ಮುಂದ ಏನು ಅಂತ ಗೊತ್ತಾದ್ರ ಇವ ಅಂಜಂಗಿಲ್ಲ. ಬಾಯಿಲೆ ಹೇಳಿದ್ದು ಹಾರಿ ಹೋಗ್ತದ, ಕಣ್ಣಿಗೆ ಕಂಡದ್ದು ಉಳೀತದ." ಮೌನಪ್ಪ ಪ್ರತಿ ಚಿತ್ರದ ಮೇಲೂ ಬೆರಳಿಟ್ಟು ನೋಡಿ, ಆ ಕೆಲಸ ಮುಗಿಸಿ, ಮತ್ತೆ ಗೋಡೆಗೆ ಬರುತ್ತಿದ್ದ.

ಸೂಗಮ್ಮನಿಗೆ ಆಗ ನಾಲ್ಕು ತಿಂಗಳು. ಒಲೆಯ ಮುಂದೆ ಕೂತರೆ ಎದುರಿಗೆ ಆ ಕಪ್ಪು ಗೆರೆಗಳು. ಮಾನ್ವಿಯಿಂದ ಬಂದ ಅವಳ ತಾಯಿ, "ಯಾರೋ ಬಂದು ಇದ್ದಲಿಲೆ ಗೋಡಿಗೆ ಬರೀತಾರಂದ್ರ ಏನರ್ಥ? ಬಸುರಿ ಹೆಂಗಸು ಅದೀ, ಅಳಿಸು ಮೊದಲ" ಎಂದು ಹೆದರಿಸಿ ಹೋದಳು. ಮರುದಿನ ಅತ್ತೆ ಸಂತೆಗೆ ಹೋದಾಗ ಸೂಗಮ್ಮ ಗೋಡೆಗೆ ಸುಣ್ಣ ಬಳಿದಳು.

ಮೌನಪ್ಪ ಎದ್ದು ಬಂದು ಗೋಡೆಯ ಮುಂದೆ ನಿಂತ. ಹತ್ತಾಯಿತು, ಹನ್ನೊಂದಾಯಿತು. ಸ್ನಾನವಿಲ್ಲ, ಊಟವಿಲ್ಲ. ಹಸಿ ಸುಣ್ಣವನ್ನು ಬೆರಳಿಂದ ತಿಕ್ಕಿ ತಿಕ್ಕಿ ಉಗುರಿನ ಸಂದಿಯಲ್ಲಿ ರಕ್ತ ಬಂತು.

"ಬಾವಾ, ಬರ್ರಿ, ಊಟ ಮಾಡ್ರಿ" ಎಂದು ಸೂಗಮ್ಮ ಮೂರು ಸಲ ಕರೆದಳು. ಅವನು ಕೈ ಕಚ್ಚಿಕೊಳ್ಳತೊಡಗಿದ. ಹೆದರಿ, ಒಲೆಯಿಂದ ಆರಿದ ಇದ್ದಲು ತೆಗೆದು ಅವಳೇ ಚಿತ್ರ ಬರೆಯಲು ಕೂತಳು. ತಂಬಿಗೆ ಸೊಟ್ಟಾಯಿತು. ಚಪ್ಪಲಿ ಮೀನಿನಂತೆ ಕಂಡಿತು. ಬಸ್ಸಿಗೆ ನಾಲ್ಕು ಗಾಲಿ ಬರೆದು ಕೈ ತೆಗೆದಾಗ ಮೌನಪ್ಪ ಅವಳ ಪಕ್ಕಕ್ಕೆ ಬಂದು, "ಬೋರ್ಡ್ ಇಲ್ಲ" ಎಂದ.

ಮದುವೆಯಾಗಿ ಬಂದು ಎರಡು ವರ್ಷವಾದರೂ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಸೂಗಮ್ಮ ಬೋರ್ಡು ಬರೆದು ಒಳಗೆ 'ರಾಯಚೂರು' ಎಂದು ಬರೆದಳು. ಅವನು ತಂಬಿಗೆ ತೆಗೆದುಕೊಂಡು ಬಚ್ಚಲಿಗೆ ಹೋದ.

ಅತ್ತೆಗೆ ಅವಳು ಏನನ್ನೂ ಹೇಳಲಿಲ್ಲ. ಗೋಪಮ್ಮ ಸೊಟ್ಟ ಚಪ್ಪಲಿ ನೋಡಿ, ಸೊಸೆಯ ಕೈಗೆ ಹತ್ತಿದ ಸುಣ್ಣ ನೋಡಿ, ಸಂತೆಯ ಚೀಲ ಅವಳ ಮುಂದಿಟ್ಟಳು.

ದಸರೆಯ ಹೊತ್ತಿಗೆ ಬಸವಂತಮ್ಮ ಮೌನಪ್ಪನನ್ನು ಹೊರಗೆ ಕರೆದೊಯ್ಯಲು ಶುರು ಮಾಡಿದಳು. ಇದು ಯಾರಿಗೂ ಸರಿ ಬರಲಿಲ್ಲ. ಗೋಪಮ್ಮ ತಲೆ ತುಂಬ ಸೆರಗು ಹೊದ್ದು ಹಿಂದೆ ಹಿಂದೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಕಂಬದ ಮರೆಗೆ ನಿಂತು ನೋಡಿದಳು. ಬಸವಂತಮ್ಮ ಅವನಿಂದ ಐದು ಮಾರು ದೂರ. ಮೌನಪ್ಪ ಬೋರ್ಡು ಓದಿ ಬಸ್ಸು ಹತ್ತುತ್ತಾನೆ, ಕಿಟಕಿಯ ಪಕ್ಕ ಕೂರುತ್ತಾನೆ, ಕೈ ಚಾಚಿ ಟಿಕೀಟು ಪಡೆಯುತ್ತಾನೆ. ಕಂಡಕ್ಟರ್ ಜಿಲಾನಿ ಪಾಷಾ ಅದೇ ಓಣಿಯವನು. ಕಂಬದ ಹಿಂದಿನ ಸೆರಗನ್ನು ಗುರುತು ಹಿಡಿದು, "ಗೋಪಮ್ಮಕ್ಕಾ, ನೀವೂ ಹತ್ರಿ, ಕಲ್ಮಲಾತನಕ ಹೋಗಿ ಬರೋಣು" ಎಂದು ಕೂಗಿದ. ಗೋಪಮ್ಮ ನಾಚಿ ಹತ್ತಿದಳು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತ ಬಸವಂತಮ್ಮನನ್ನು ಅವಳು ಕೇಳಿಯೇಬಿಟ್ಟಳು. "ಖರೇ ಹೇಳವ್ವಾ. ನನ್ನ ಮಗನ್ನ ಕ್ಯಾಂಪಿಗೆ ಬರ್ಸೀಯೇನು?"

"ಇಲ್ಲ."

"ನಿನಗ ಕೇಸ್ ಬ್ಯಾಡೇನು ಹಂಗಾರ?"

"ಬೇಕಾಗ್ಯಾವ. ಕೊಟ್ಟೀನಿ ಕೂಡ. ಕೇಳಿ, ಒಪ್ಪಿಸಿ ಕೊಟ್ಟೀನಿ. ಒಪ್ಪಿದವರೆಲ್ಲಾ ಮನಸಾರೆ ಒಪ್ಪ್ಯಾರಂತ ಆಣಿ ಮಾಡಂಗಿಲ್ಲ ನಾನು." ಬಸವಂತಮ್ಮ ಮುಂದಿನ ಸೀಟಿನಲ್ಲಿದ್ದ ಮೌನಪ್ಪನ ಬೆನ್ನನ್ನು ನೋಡಿದಳು. "ನನ್ನ ತಮ್ಮ ಹಿಂಗೇ ಇದ್ದ ಯಕ್ಕಾ, ದೇವದುರ್ಗದಾಗ. ಕಂಬಕ್ಕ ಕಟ್ಟಿ ಹಾಕ್ತಿದ್ವಿ. ಕಟ್ಟಿದವರಾಗ ನಾನೂ ಒಬ್ಬಾಕಿ. ಅವ ಹೋದ ಮ್ಯಾಲ ಬೆಂಗಳೂರಿನ್ಯಾಗ ಒಬ್ಬ ಡಾಕ್ಟರು ಇದು ಹುಚ್ಚಲ್ಲ, ಆಟಿಸಂ ಅಂತ ಹೇಳಿದರು. ಒಬ್ಬೊಬ್ಬರದು ಒಂದೊಂದು ರೀತಿ ಇರ್ತದ, ಅವರವರ ರೀತಿ ನೋಡಿ ಕಲಿಸ್ಬೇಕು ಅಂದರು."

ಅಷ್ಟು ಸರಳವಾಗಿ ತಪ್ಪು ಒಪ್ಪಿಕೊಂಡವಳ ಮೇಲೆ ಗೋಪಮ್ಮನಿಗೆ ಇನ್ನಷ್ಟು ಸಂಶಯ ಬಂತು. ಮುಂದಿನ ಶುಕ್ರವಾರ ಬಸವಂತಮ್ಮ ಹಿತ್ತಲಿಗೆ ಹೋದಾಗ ಆಕೆಯ ಚೀಲದಿಂದ ವಹಿ ತೆಗೆದು, ಏಳನೆಯ ಇಯತ್ತೆ ಓದಿದ್ದ ಸೊಸೆಯ ಕೈಗೆ ಕೊಟ್ಟಳು. "ಲಗೂನ ಓದು."

ಸೂಗಮ್ಮ ಪಿಸುದನಿಯಲ್ಲಿ ಓದಿದಳು. "ಅನ್ನಕ್ಕೆ ಸಾರು ಕಲಸಬಾರದು, ಬೇರೆ ಬಟ್ಟಲಲ್ಲಿ ಇಡಬೇಕು. ಹೊಸ ಅಂಗಿ ಎರಡು ಸಲ ಒಗೆದು ಕೊಡಬೇಕು. ಸೈರನ್ನಿಗೆ ಮೊದಲು ಹತ್ತಿ ಕೊಟ್ಟರೆ ತಾನೇ ಕಿವಿಯಲ್ಲಿ ಇಟ್ಟುಕೊಳ್ಳುತ್ತಾನೆ. ಬೇಡ ಎನ್ನಲು ಕಲಿಸಬೇಕು. ಇವನಿಗೆ ಏನು ಬೇಡ ಎಂದು ಈವರೆಗೆ ಯಾರೂ ಕೇಳಿಲ್ಲ."

"ಇಷ್ಟೇನಾ? ಮುಂದ?"

ಕೊನೆಯ ಪುಟದಲ್ಲಿ ಎರಡು ಸಾಲು ಇದ್ದವು. 'ತಮ್ಮ ಹಂಪಯ್ಯ ಆಸ್ಪತ್ರೆಗೆ ಎರಡು ಸಲ ಬಂದಿದ್ದ. ಅಣ್ಣನ ವಯಸ್ಸಿನ ಸರ್ಟಿಫಿಕೇಟು ಕೇಳಿದ. ಯಾಕೆ?'

"ಮುಂದ ಏನಿಲ್ಲ ಅತ್ತಿ" ಎಂದು ಸೂಗಮ್ಮ ವಹಿ ಮುಚ್ಚಿದಳು.

ಅಂದಿನಿಂದ ಅವಳ ಕಣ್ಣು ಗಂಡನ ಮೇಲೆ ಬಿತ್ತು. ಅವನು ತಡವಾಗಿ ಬರುತ್ತಿದ್ದ, ಊಟ ಅರ್ಧಕ್ಕೆ ಬಿಡುತ್ತಿದ್ದ.

"ಆಫೀಸಿನ್ಯಾಗ ಏನರ ತ್ರಾಸ್ ಅದ ಏನ್ರಿ?"

"ಎಲ್ಲರಿಗೂ ಇರೋದೇ."

"ನಿಮಗೂ ಕೇಸ್ ಹೇಳ್ಯಾರೇನು?"

ಅವನು ತಾಟಿನಲ್ಲೇ ಕೈ ತೊಳೆದು ಎದ್ದ. "ಹೆಂಗಸರಿಗ್ಯಾಕ ಬೇಕು ಅದೆಲ್ಲ?"

ನವೆಂಬರಿನ ಒಂದು ಬುಧವಾರ ಗೋಪಮ್ಮ ಹಾಸ್ಟೆಲಿಗೆ ಹೋಗಿದ್ದಳು. ಪ್ಲಾಸ್ಟರ್ ಬಿಚ್ಚಿ ತಿಂಗಳಾಗಿತ್ತು. ಹಂಪಯ್ಯ ಹನ್ನೊಂದಕ್ಕೆ ಮನೆಗೆ ಬಂದ. "ಅಣ್ಣನ್ನ ಬಸ್ಸಿನ್ಯಾಗ ಮಾನ್ವಿಗೆ ಕರ್ಕೊಂಡು ಹೋಗಿ ಬರ್ತೀನಿ" ಎಂದ. ಎಂದೂ ಅಣ್ಣನನ್ನು ಓಣಿಯ ತುದಿಗೂ ಕರೆದೊಯ್ದವನಲ್ಲ.

"ಯಾಕ್ರಿ ಇವತ್ತು?"

"ಅವಗ ಬಸ್ಸಂದ್ರ ಇಷ್ಟ ಅಲ್ಲೇನು?"

ಬಸ್ಸು ಎಂಬ ಮಾತು ಕೇಳಿ ಮೌನಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ. ಅವರು ಓಣಿ ದಾಟಿದ ಮೇಲೆ ಸೂಗಮ್ಮ ಟ್ರಂಕು ತೆರೆದು ನೋಡಿದಳು. ಬಾವನ ವಯಸ್ಸು ಬರೆದಿದ್ದ ರೇಷನ್ ಕಾರ್ಡು ಇರಲಿಲ್ಲ. ಅವಳು ಬಾಗಿಲಿಗೆ ಬೀಗ ಹಾಕಿ, ಹೊಟ್ಟೆ ಹಿಡಿದುಕೊಂಡು ಹಾಸ್ಟೆಲಿನವರೆಗೆ ಓಡಿದಳು.

"ಅತ್ತಿ, ನಾ ಆವತ್ತು ಎರಡು ಸಾಲು ಓದ್ಲಿಲ್ಲ" ಎಂದು ಶುರು ಮಾಡಿದಳು.

ಗೋಪಮ್ಮ ಹಿಟ್ಟಿನ ಕೈಯಲ್ಲೇ ಎದ್ದಳು. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಬಸವಂತಮ್ಮನನ್ನು ಕರೆದರು. ಅವಳು ಕ್ಯಾಂಪಿನ ಪಟ್ಟಿ ನೋಡಿ, "ಇವತ್ತು ಮಾನ್ವಿಯಾಗ ಅದ" ಎಂದಳು. ಕೆಲಸ ಬಿಟ್ಟು ಅವರ ಜೊತೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಕೆಟ್ಟು ನಿಂತಿತ್ತು, ಮುಂದಿನದು ಎರಡೂವರೆ ಗಂಟೆಗೆ.

"ಬರ್ದಿಟ್ಟಿದ್ದಿಯಲ್ಲ, ಬಾಯಿ ಬಿಟ್ಟು ಹೇಳಾಕೇನಾಗಿತ್ತು ನಿನಗ?" ಗೋಪಮ್ಮ ಬಸವಂತಮ್ಮನ ಮೇಲೆ ಹರಿಹಾಯ್ದಳು.

"ಹೇಳಿದ್ರ ನಂಬ್ತಿದ್ರೇನು ಯಕ್ಕಾ? ಹೆತ್ತ ಮಗನ ಮ್ಯಾಲ ನಾ ಹೇಳೋದು?"

ಗೋಪಮ್ಮ ಸೊಸೆಯ ಕಡೆ ತಿರುಗಿದಳು. "ಮತ್ತ ನೀನು?"

"ಗಂಡನ ಮ್ಯಾಲ ನಾ ಹೆಂಗ ಹೇಳ್ಲಿ ಅತ್ತಿ?"

ಮೂವರೂ ಕಲ್ಲುಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಒಂದು ಬಸ್ಸು ಹೋಯಿತು, ಅದು ಲಿಂಗಸೂಗೂರಿನದು. ಆಮೇಲೆ ಮಾನ್ವಿಯಿಂದ ಜಿಲಾನಿ ಪಾಷಾನ ಬಸ್ಸು ಬಂತು. ಜನ ಇಳಿದರು. ಎಲ್ಲರೂ ಇಳಿದ ಮೇಲೆ ಮೌನಪ್ಪ ಇಳಿದ. ಒಬ್ಬನೇ. ಮುಂಗೈ ಕಚ್ಚಿ ನೀಲಿಗಟ್ಟಿತ್ತು. ಅಂಗಿಯ ಒಂದು ತೋಳು ಹರಿದಿತ್ತು.

ಗೋಪಮ್ಮ ಓಡಿ ಹೋಗಿ ಹಿಡಿದುಕೊಳ್ಳಲು ಕೈ ಚಾಚಿದಳು. ಬಸವಂತಮ್ಮ ಅವಳ ರಟ್ಟೆ ಹಿಡಿದಳು. "ಈಗ ಮುಟ್ಟಬ್ಯಾಡ್ರಿ."

ಜಿಲಾನಿ ಪಾಷಾ ಟಿಕೀಟಿನ ಪೆಟ್ಟಿಗೆ ಸಮೇತ ಇಳಿದು ಬಂದ. "ಮಾನ್ವಿಯಾಗ ಕ್ಯಾಂಪಿನ ಕಡಿಂದ ಓಡಿ ಬಂದು ತಾನೇ ಬೋರ್ಡ್ ಓದಿ ಹತ್ತಿ ಕೂತಾನಕ್ಕಾ. ಬಸ್ ಬಿಡೋ ಮುಂದ ಇಬ್ಬರು ಬಂದು ಇಳಿಸಾಕ ನೋಡಿದರು. ಬ್ಯಾಡ, ಬ್ಯಾಡ ಅಂತ ಕಂಬಿ ಹಿಡ್ಕೊಂಡು ಒದರಿದ. ಬಸ್ಸಿನ ಮಂದಿ ಎಲ್ಲಾ ಎದ್ದು ನಿಂತರು. ನಾನು ಹೇಳಿದೆ, ಸೀಟಿನ್ಯಾಗ ಕೂತವ ನನ್ನ ಪ್ಯಾಸೆಂಜರು, ಇವನ್ನ ಇಳಿಸಬೇಕಂದ್ರ ಮೊದಲ ನನ್ನ ಇಳಿಸ್ರಿ ಅಂತ."

"ಅವರ ಜೋಡಿ ನನ್ನ ಮಗ ಇದ್ದನೇನು?" ಎಂದು ಗೋಪಮ್ಮ ಕೇಳಿದಳು.

ಜಿಲಾನಿ ಪಾಷಾ ನೆಲ ನೋಡಿದ. "ದೂರ ನಿಂತಿದ್ದಕ್ಕಾ."

ಹಂಪಯ್ಯ ಮನೆಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮೌನಪ್ಪ ಮೂಲೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ. ಬಸವಂತಮ್ಮ ಹೊಸ್ತಿಲಲ್ಲಿದ್ದಳು. ಹಂಪಯ್ಯ ಅವಳನ್ನು ನೋಡಿದವನೇ, "ಇಕಿನ್ನ ಮೊದಲ ಹೊರಗ ಕಳಿಸ್ರಿ" ಎಂದ.

"ಆಕಿ ಇರ್ತಾಳ" ಎಂದಳು ಗೋಪಮ್ಮ. "ಫಾರಂನ್ಯಾಗ ಏನು ಬರ್ಸಿದಿ ಹೇಳು."

ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

"ಕೇಳಾಕತ್ತೀನಿ ಹಂಪಯ್ಯಾ."

"ಮದುವಿ ಆಗ್ಯಾನ, ಮೂರು ಮಕ್ಕಳದಾವ ಅಂತ ಬರ್ದೆ. ಹಂಗ ಬರೀಲಿಲ್ಲಂದ್ರ ತಗೊಳ್ಳಂಗಿಲ್ಲ. ಡಿಸೆಂಬರ್ ಒಳಗ ಎರಡು ಕೇಸ್ ಕೊಡದಿದ್ರ ಆರ್ಡರ್ ಇಲ್ಲ, ಕೆಲಸಾನೂ ಇಲ್ಲ ಅಂದಾರ. ನಾನೆಲ್ಲಿಂದ ತರ್ಲಿ? ನಮ್ಮ ಓಣಿ ಮಂದಿ ನನ್ನ ಕಂಡ್ರ ಬಾಗಿಲು ಹಾಕ್ಕೋತಾರ. ಮೂರು ತಿಂಗಳಾತು ನಾ ನೆಟ್ಟಗ ನಿದ್ದಿ ಮಾಡಿ."

"ಅದಕ್ಕ ಅಣ್ಣನ್ನ ಕೊಡ್ತಿ?"

"ಅವನಿಗೇನು ಮದುವಿ ಅದ ಯವ್ವಾ, ಮಕ್ಕಳದಾವೇನು? ಅವಂದು ಏನು ಹೋಗ್ತಿತ್ತು? ನನ್ನ ಕೆಲಸ ಹೋದ್ರ ಇವನಿಗೂ ಕೂಳಿಲ್ಲ, ಅದನ್ನ ವಿಚಾರ ಮಾಡೀಯೇನು?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೂಗಮ್ಮ ಕೈ ನಿಲ್ಲಿಸಿದಳು. "ನನ್ನ ಹೊಟ್ಟ್ಯಾಗಿರೋದು ನಾಳೆ ಬಾವನಂಗೇ ಆದ್ರ, ಅದನ್ನೂ ಕೊಡ್ತೀರೇನು?"

"ನಿನ್ನ ಬಾಯಿಗೆ..." ಎಂದು ಹಂಪಯ್ಯ ಕೈ ಎತ್ತಿದ. ಗೋಪಮ್ಮ ನಡುವೆ ನಿಂತಳು. ಮುರಿದು ಕೂಡಿದ್ದ ಬಲಗೈಯಿಂದಲೇ ಅವನ ಮಣಿಕಟ್ಟು ಹಿಡಿದಳು. ನೋವಿಗೆ ಅವಳ ಮುಖ ಕಿವುಚಿತು, ಹಿಡಿತ ಬಿಡಲಿಲ್ಲ.

"ಇವತ್ತಿಂದ ಮೌನಪ್ಪ ನನ್ನ ಕೇಳದ ನಿನ್ನ ಜೋಡಿ ಹೊಸ್ತಿಲ ದಾಟಂಗಿಲ್ಲ. ಕೆಲಸ ಹೋದ್ರ ಹೋಗ್ಲಿ. ನಾ ಇನ್ನೂ ಅಡಿಗಿ ಮಾಡ್ತೀನಿ."

ಹಂಪಯ್ಯ ಮರುದಿನ ಬಟ್ಟೆ ಕಟ್ಟಿಕೊಂಡು ದೇವದುರ್ಗದ ಸೋದರಮಾವನ ಮನೆಗೆ ಹೋದ. ಅಲ್ಲಿಯ ಕಚೇರಿಗೆ ತಾನೇ ಕೇಳಿ ಹಾಕಿಸಿಕೊಂಡನಂತೆ. ಸೂಗಮ್ಮ ಹಿಂದೆ ಹೋಗಲಿಲ್ಲ. ಬಸವಂತಮ್ಮನಿಗೂ ಕೆಲಸದ ಹೊತ್ತಿನಲ್ಲಿ ಆಸ್ಪತ್ರೆ ಬಿಟ್ಟು ಹೋದದ್ದಕ್ಕೆ ನೋಟೀಸು ಬಂತು, ಹದಿನೈದು ದಿನದಲ್ಲಿ ಕವಿತಾಳಕ್ಕೆ ವರ್ಗವಾಯಿತು. ಹೋಗುವ ಮುಂಚೆ ವಹಿಯನ್ನು ಸೂಗಮ್ಮನಿಗೆ ಕೊಟ್ಟು, "ಇನ್ನ ಮ್ಯಾಲ ನೀ ಬರಿ. ಭಾನುವಾರ ಬಂದು ನೋಡ್ತೀನಿ" ಎಂದಳು. ಕೆಲವು ಭಾನುವಾರ ಬಂದಳು, ಕೆಲವು ಭಾನುವಾರ ಬರಲಿಲ್ಲ.

ಮೌನಪ್ಪ ತಿಂಗಳವರೆಗೆ ಬಸ್ ಸ್ಟ್ಯಾಂಡಿನ ಹೆಸರೆತ್ತಲಿಲ್ಲ. ಸ್ನಾನ ಮತ್ತೆ ಪಾದಕ್ಕೆ ಇಳಿಯಿತು. ಸೂಗಮ್ಮ ಬಚ್ಚಲ ಹೊರಗೆ ಬೆನ್ನು ಮಾಡಿ ಕೂತು, ಮೊದಲಿನಿಂದ ಶುರು ಮಾಡಿಸಿದಳು. ಹಾಸ್ಟೆಲಿನಲ್ಲಿ ಕಾಳು ಹಸನು ಮಾಡುವ ಕೆಲಸ ಅವನಿಗೆ ಚೆನ್ನಾಗಿ ಬಂತು. ಒಂದು ಕಲ್ಲೂ ಬಿಡುತ್ತಿರಲಿಲ್ಲ. ಗೋಪಮ್ಮ ದಿನಾ ಜೊತೆಗೆ ಕರೆದೊಯ್ಯತೊಡಗಿದಳು. ದಾರಿಯಲ್ಲಿ ಜೀಪು ಕಂಡರೆ ಮಗನನ್ನು ಗೋಡೆಯ ಕಡೆಗೆ ಮಾಡಿಕೊಂಡು ತಾನು ರಸ್ತೆಯ ಕಡೆ ನಡೆಯುತ್ತಿದ್ದಳು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಹಂಪಯ್ಯ ಬಂದ. ಸೊರಗಿದ್ದ. ಕೈಯಲ್ಲಿ ಪೇಡೆಯ ಪೊಟ್ಟಣ, ಹೆಂಡತಿಗೆ ಒಂದು ಸೀರೆ. ಮೌನಪ್ಪನ ಮುಂದೆ ನಿಂತು ಏನೋ ಹೇಳಲು ನೋಡಿದ. ಮೌನಪ್ಪ ಎದ್ದು ಹಿತ್ತಲಿಗೆ ಹೋದ.

ಗೋಪಮ್ಮ ತಾಟು ಇಟ್ಟಳು. ಹಸಿದು ಬಂದ ಮಗ. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಎರಡನೆಯ ರೊಟ್ಟಿಗೆ ಕೈ ಹಾಕಿದಾಗ, "ಕೆಲಸ ಖಾಯಂ ಆತವ್ವಾ. ಸೋಮವಾರ ಆರ್ಡರ್ ಬಂತು" ಎಂದ.

ಸೂಗಮ್ಮನ ಮುಖ ಅರಳಿತು. ಆಮೇಲೆ ಅವಳು ಅತ್ತೆಯ ಕಡೆ ನೋಡಿದಳು.

"ಎರಡು ಕೇಸ್ ಕೊಡಬೇಕಂದಿದ್ದಿ" ಎಂದಳು ಗೋಪಮ್ಮ.

"ಹೂಂ."

"ಕೊಟ್ಟೀಯೇನು?"

"ಆತು ಬಿಡವ್ವಾ. ನಮ್ಮವರಲ್ಲ, ನಿನಗ ಗೊತ್ತಿಲ್ಲದವರು."

"ಯಾರು ಅವರು?"

ಹಂಪಯ್ಯ ಚೆರಿಗೆ ಎತ್ತಿ ನೀರು ಕುಡಿದ. ಗೋಪಮ್ಮ ಅವನೆದುರು ಕುಕ್ಕುರುಗಾಲಲ್ಲಿ ಕೂತಳು.

"ಹೆಸರು ಹೇಳು."

ಫಾರಂ ತುಂಬಿದವನು ಅವನೇ. ಎರಡು ಹೆಸರೂ, ಊರೂ, ತಂದೆಯ ಹೆಸರೂ ತನ್ನ ಕೈಯಾರೆ ಬರೆದಿದ್ದ. ಅವನು ಉಳಿದ ರೊಟ್ಟಿಯನ್ನು ಸಣ್ಣಗೆ ಮುರಿಯುತ್ತಾ ಕೂತ.